ಮಡಚಿದ ಹಿಮ್ಮಡಿ

ಆ ಬಿಳಿ ಶೂಗಳ ಬೆಲೆ ಒಂಬತ್ತು ಸಾವಿರ ದಿರ್ಹಮ್. ಅದೇ ಫೆಸ್ ಊರಿನ ಹಳೇ ಪೇಟೆಯಲ್ಲಿ ಮೇಕೆ ಚರ್ಮದ ಒಳ್ಳೆಯ ಬೆಲ್ಘಾ ಚಪ್ಪಲಿಗೆ ಇನ್ನೂರು. ಚೌಕಾಸಿ ಮಾಡಲು ಬಂದರೆ ನೂರೈವತ್ತು. ಕಾಸಾಬ್ಲಾಂಕಾದಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ ನುಹೈಲಾ ತಿಂಗಳಿಗೆ ಗಳಿಸುತ್ತಿದ್ದುದು ಮೂರು ಸಾವಿರ. ಅಂದರೆ ಮೂರು ತಿಂಗಳು ಉಪವಾಸವಿದ್ದರೆ ಆ ಶೂ ಒಂದು ಜೊತೆ.

ಅದನ್ನು ಹಾಳುಮಾಡಲು ನಾಲ್ಕು ಸುತ್ತಿಗೆ ಏಟು ಸಾಕಾಯಿತು.

“ಏನ್ ಮಾಡಿದ್ರಿ ಮಾಲೆಮ್ ಇದನ್ನ?”

ಮಾಲೆಮ್ ಎಂದರೆ ಮೇಸ್ತ್ರಿ. ಚಪ್ಪಲಿ ಹೊಲಿಯುವ ಜುಹೈರ್ ತಲೆಯೆತ್ತಿದ. ಎದುರಿಗೆ ನಿನ್ನೆ ಶೂ ಕೊಟ್ಟುಹೋದ ಹುಡುಗಿ, ನುಹೈಲಾ. ನಿನ್ನೆ ನಗುತ್ತಿದ್ದ ಕಣ್ಣುಗಳು ಇವತ್ತು ತುಂಬಿ ನಿಂತಿದ್ದವು. ಅವಳ ಕೈಯಲ್ಲಿದ್ದ ಶೂಗಳ ಗಟ್ಟಿ ಹಿಮ್ಮಡಿ ಚಪ್ಪಟೆಯಾಗಿ ಒಳಕ್ಕೆ ಮಲಗಿತ್ತು.

ಅವಳು ಹೇಳಿಹೋಗಿದ್ದು ಅಟ್ಟೆಯನ್ನು ಬಿಚ್ಚಿ ಕೈಹೊಲಿಗೆಯಲ್ಲಿ ಮತ್ತೆ ಹೊಲಿದುಕೊಡಲು, ಅಷ್ಟೇ. ಅದನ್ನವನು ಒಂದು ಎಳೆ ಹರಿಯದಂತೆ ಮಾಡಿದ್ದ. ಆಮೇಲೆ ಆ ಜೊತೆ ನಲವತ್ತು ಬೆಲ್ಘಾಗಳ ಸಾಲಿನಲ್ಲಿ ಕುಳಿತಿತ್ತು. ಬೆಲ್ಘಾ ಎಂದರೆ ಕೊನೆಗೆ ಹಿಮ್ಮಡಿಯನ್ನು ಬಡಿದು ಮಲಗಿಸಲೇಬೇಕು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿದ ಕೈ ಸಾಲಿನ ಕೊನೆಯವರೆಗೂ ಹೋಗಿಬಿಟ್ಟಿತ್ತು.

ತಪ್ಪು ನನ್ನದೇ ಎಂದು ಅವನು ಮೆಲ್ಲಗೆ ಒಪ್ಪಿಕೊಂಡ.

ಅಯ್ಯೋ, ಇನ್ನೇನು ಗತಿ ಎಂದುಕೊಂಡಳು ನುಹೈಲಾ. ಪ್ಯಾರಿಸ್‌ನ ಶೂ ಕಂಪನಿಯೊಂದು ಅವಳೂ ಸೇರಿ ಎಂಟು ಹೊಸ ಕಲಾವಿದರನ್ನು ಆರಿಸಿ, ತಲಾ ಒಂದು ಜೊತೆ ಬಿಳಿ ಶೂ ಕೊಟ್ಟು, ನಿಮ್ಮ ಕಲ್ಪನೆಯಂತೆ ಇದಕ್ಕೆ ಹೊಸ ರೂಪ ಕೊಡಿ ಎಂದಿತ್ತು. ಇನ್ನು ಮೂರು ವಾರಕ್ಕೆ ಕಾಸಾಬ್ಲಾಂಕಾದಲ್ಲಿ ಪ್ರದರ್ಶನ. ಗೆದ್ದವರಿಗೆ ಒಂದು ವರ್ಷ ಪ್ಯಾರಿಸ್‌ನಲ್ಲಿ ಕಲಿಕೆ, ವಸತಿ, ಎಲ್ಲವೂ. ನುಹೈಲಾ ಹದಿನಾರನೇ ವಯಸ್ಸಿನಿಂದ ಕಂಡ ಕನಸು ಅದೊಂದೇ.

“ಈಗ ಇದನ್ನ ಯಾರಿಗೆ ತೋರಿಸ್ಲಿ ನಾನು?”

ಪಕ್ಕದಲ್ಲಿ ರೇಷ್ಮೆದಾರ ಸುತ್ತುತ್ತಿದ್ದ ಜುಹೈರ್‌ನ ತಾಯಿ ಲಲ್ಲಾ ಬತೂಲ್ ಕನ್ನಡಕ ಏರಿಸಿ ಶೂವನ್ನು ನೋಡಿದಳು. “ಮೊದ್ಲು ಬಾಗಿಲಲ್ಲಿ ಬಿಚ್ಚೋಕೆ ಬಗ್ಗಿ ಒದ್ದಾಡ್ಬೇಕಿತ್ತು. ಈಗ ಸುಮ್ನೆ ಕಾಲು ಎತ್ತಿದ್ರೆ ಸಾಕು. ಅದಕ್ಕೆ ಯಾಕಮ್ಮಾ ಅಳ್ತೀಯ?”

ನುಹೈಲಾ ಅಳುತ್ತಲೇ ಶೂಗಳನ್ನು ಹೊಸ್ತಿಲ ಮೇಲಿಟ್ಟಳು. ಮಾಡಿನ ಕಿಂಡಿಯಿಂದ ಬಿಸಿಲು ಅವುಗಳ ಮೇಲೆ ಇಳಿಯಿತು...

ಹಿಮ್ಮಡಿ ಮಲಗಿದ ಆ ಜೊತೆ, ದಿನವಿಡೀ ಬಿಗುಮಾನದಿಂದ ನಿಂತಿದ್ದ ಹೆಂಗಸೊಬ್ಬಳು ಮನೆಗೆ ಬಂದು, ಉಸ್ಸೆಂದು ಕೂತ ಹಾಗಿತ್ತು.

ಅವಳ ಅಳು ನಿಂತಿತು. ‘ಮನೆಗೆ ಬಂದ ಶೂ... ಇದನ್ನೇ ಯಾಕೆ ಮಾಡಬಾರದು?’

ಮರುದಿನದಿಂದ ಅವಳು ಫೆಸ್‌ನಲ್ಲೇ ಉಳಿದಳು. ಸೋದರತ್ತೆಯ ಮನೆಯಲ್ಲಿ ನಿದ್ದೆ, ಜುಹೈರ್‌ನ ಅಂಗಡಿಯಲ್ಲಿ ಹಗಲು. ದಾಳಿಂಬೆ ಸಿಪ್ಪೆ ಕುದಿಸಿ ತೆಗೆದ ಬಣ್ಣದಲ್ಲಿ ಬಿಳಿ ಚರ್ಮ ಮೆಲ್ಲಮೆಲ್ಲಗೆ ಹಳದಿಗೆ ತಿರುಗಿತು. ಮಡಚಿದ ಹಿಮ್ಮಡಿಯ ಮೇಲೆ ಅವಳು ಒಂದು ಅಂಗಳವನ್ನು ಬರೆದಳು. ನಡುವೆ ಕಾರಂಜಿ, ಬೇಲಿಗೆ ಮಲ್ಲಿಗೆ. ಕಾಲು ಹಾಕಿದರೆ ಅಂಗಳ ಮುಚ್ಚಿಹೋಗುತ್ತದೆ, ತೆಗೆದರೆ ಕಾಣುತ್ತದೆ. ಅವಳು ಬರೆದ ಗೆರೆಯ ಮೇಲೆ ಅವನು ರೇಷ್ಮೆ ಎಳೆ ಕೂರಿಸುತ್ತಿದ್ದ. ಆ ಗಟ್ಟಿ ಬೆರಳುಗಳು ಮಲ್ಲಿಗೆ ದಳದಷ್ಟು ಸಣ್ಣ ಹೊಲಿಗೆ ಹಾಕುವುದನ್ನು ನೋಡುತ್ತ ಅವಳು ಕುಂಚವನ್ನು ಚಹಾದ ಲೋಟದಲ್ಲಿ ಅದ್ದಿದ್ದು ಎರಡು ಸಲ. ಕುಡಿದದ್ದು ಒಂದು ಸಲ.

ಬೀದಿಯಲ್ಲಿ ಹೇಸರಗತ್ತೆಗಳ ಹಿಂದೆ “ದಾರಿ, ದಾರಿ” ಎಂಬ ಕೂಗು ಬರುತ್ತಿತ್ತು, ಹೋಗುತ್ತಿತ್ತು. ಅವರಿಬ್ಬರಿಗೆ ಅದು ಬೇರೆ ಯಾವುದೋ ಊರಿನ ಸದ್ದಿನಂತೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕೇಳಿದಳು. “ಅಷ್ಟು ಚೆನ್ನಾಗಿ ಕೆಲಸ ಗೊತ್ತಿರೋರು ಅವತ್ತು ಹಂಗೆ ಬಡಿದುಬಿಟ್ರಲ್ಲ. ಮನಸ್ಸು ಎಲ್ಲಿತ್ತು?”

ಅವನು ಸೂಜಿಗೆ ದಾರ ಪೋಣಿಸಿದ. ಪೋಣಿಸಿದ್ದನ್ನು ತೆಗೆದು ಮತ್ತೆ ಪೋಣಿಸಿದ.

“ಶೂ ಕೊಟ್ಟು ಹೋದೋರ ಹಿಂದೆ ಹೋಗಿತ್ತು, ಲಲ್ಲಾ.”

ಹೆಂಗಸರನ್ನೆಲ್ಲ ಗೌರವಕ್ಕೆ ಲಲ್ಲಾ ಎನ್ನುವ ಊರು ಅದು, ಆದರೂ ನುಹೈಲಾಳ ಕಿವಿ ಬಿಸಿಯಾಯಿತು. ಲಲ್ಲಾ ಬತೂಲ್ ಏನೂ ಕೇಳಿಸದವಳಂತೆ ಚಹಾಕ್ಕೆ ಪುದೀನ ತರುತ್ತೇನೆಂದು ಎದ್ದಳು. ಪುದೀನ ಬುಟ್ಟಿಯಲ್ಲೇ ಇತ್ತು.

ಕೊನೆಯ ದಿನ ಜುಹೈರ್ ಎರಡೂ ಅಟ್ಟೆಗಳ ತಳದಲ್ಲಿ ತನ್ನ ಮನೆತನದ ಗುರುತು ಹೊಲಿದ. ಹಕ್ಕಿಯ ರೆಕ್ಕೆಯಂತೆ ಮೂರು ಎಳೆ. ಅವನ ಅಜ್ಜನ ಕಾಲದಿಂದಲೂ ಆ ಗುರುತಿಲ್ಲದೆ ಆ ಅಂಗಡಿಯಿಂದ ಒಂದು ಜೊತೆಯೂ ಹೊರಹೋಗಿರಲಿಲ್ಲ.

ಕಾಸಾಬ್ಲಾಂಕಾದಲ್ಲಿ ಪ್ರದರ್ಶನ ನೋಡಿಕೊಳ್ಳುತ್ತಿದ್ದವಳು ಮದಾಮ್ ಸಲ್ವಾ. ಕೆಟ್ಟವಳಲ್ಲ. ಶೂಗಳನ್ನು ನೋಡಿ ನಿಜಕ್ಕೂ ಬೆರಗಾದಳು. ತಳ ನೋಡಿದವಳೇ ತುಟಿ ಕಚ್ಚಿದಳು. ಸ್ಪರ್ಧೆಯಲ್ಲಿ ಒಬ್ಬರದೇ ಹೆಸರಿರಬೇಕು, ಕಸುಬಿನವರ ಸಹಾಯ ಎಲ್ಲರೂ ಪಡೆಯುತ್ತಾರೆ, ಯಾರೂ ಹೇಳುವುದಿಲ್ಲ ಎಂದು ವಿವರಿಸಿದಳು. ತೀರ್ಪುಗಾರರು ಬಂದುಹೋಗುವವರೆಗೆ ಮುಚ್ಚೋಣ ಎಂದು ಎರಡು ತುಂಡು ಕಪ್ಪು ಬಟ್ಟೆ ತರಿಸಿ ಅಂಟಿಸಿದಳು.

ನುಹೈಲಾಗೆ ಬೇಡ ಅನ್ನಬೇಕು ಅನಿಸಿತು. ಆದರೆ ಪ್ಯಾರಿಸ್... ಇನ್ನೊಂದು ಸಂಜೆ ಕಳೆದರೆ ಆಯಿತಲ್ಲ, ಆಮೇಲೆ ಎಲ್ಲರಿಗೂ ಹೇಳಿದರಾಯಿತು ಎಂದುಕೊಂಡಳು.



ಮರುದಿನ ಸಂಜೆ ಪ್ರದರ್ಶನಕ್ಕೆ ಇಸ್ತ್ರಿ ಮಾಡಿದ ಬಿಳಿ ಜಲ್ಲಾಬಾ ನಿಲುವಂಗಿ ತೊಟ್ಟು, ತಾಯಿ ಕೊಟ್ಟ ಬಾದಾಮಿ ಬಿಸ್ಕತ್ತಿನ ಡಬ್ಬಿ ಹಿಡಿದು ಜುಹೈರ್ ಬಂದ. ದೂರದಿಂದಲೇ ನುಹೈಲಾಳನ್ನು ಕಂಡು ನಕ್ಕ. ಉಳಿದವರೆಲ್ಲ ಶೂಗಳ ಮುಂದೆ ಕೈಕಟ್ಟಿ ನಿಂತು ನೋಡುತ್ತಿದ್ದರು. ಅವನು ಚಪ್ಪಲಿಯವನು. ಚಪ್ಪಲಿಯವರು ಮೊದಲು ನೋಡುವುದು ತಳವನ್ನು.

ಎತ್ತಿ ತಿರುಗಿಸಿದ.

ಕಪ್ಪು ಬಟ್ಟೆಯ ಮೇಲೆ ಅವನ ಹೆಬ್ಬೆರಳು ಒಮ್ಮೆ ಆಡಿತು. ಶೂವನ್ನು ಇದ್ದಲ್ಲೇ ನೇರವಾಗಿ ಇಟ್ಟ. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟ. ಅವಳ ಕಡೆ ನೋಡದೆ ಹೊರಗೆ ಹೋದ.

‘ನನ್ನ ಹೆಸರು ಅವಳಿಗೆ ನಾಚಿಕೆ’ ಎಂದುಕೊಂಡೇ ಅವನು ಹೋಗಿರಬೇಕು. ಅವಳು ಬೀದಿಗೆ ಓಡಿ ಬರುವಷ್ಟರಲ್ಲಿ ಟ್ರಾಮ್ ಬಾಗಿಲು ಮುಚ್ಚಿತ್ತು. ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ವಾಪಸ್ ಬಂದಾಗ ತೀರ್ಪುಗಾರರು ಅವಳ ಶೂಗಳ ಮುಂದೆಯೇ ನಿಂತಿದ್ದರು. ಅವರಲ್ಲಿ ಹಿರಿಯ ಹೆಂಗಸೊಬ್ಬಳು, ಹಿಮ್ಮಡಿಯನ್ನು ಹೀಗೆ ಮಲಗಿಸುವ ಯೋಚನೆ ಹೇಗೆ ಬಂತು ಎಂದು ಪ್ರೀತಿಯಿಂದ ಕೇಳಿದಳು. ಬೇರೆಲ್ಲರಿಗಿಂತ ನುಹೈಲಾಳ ಕೆಲಸ ಮೇಲು ಎಂಬುದು ಆ ದನಿಯಲ್ಲೇ ಇತ್ತು. ಮದಾಮ್ ಸಲ್ವಾ ಕಣ್ಣಲ್ಲೇ ಬೇಡಿಕೊಂಡಳು.

ಒಂದು ಸುಳ್ಳು ಸಾಕಿತ್ತು. ಪೂರ್ತಿ ಸುಳ್ಳೂ ಅಲ್ಲ, ಅರ್ಧ.

“ಅದು ನಾನು ಮಾಡಿದ್ದಲ್ಲ,” ಎಂದಳು ನುಹೈಲಾ. ಉಗುರಿನಿಂದ ಬಟ್ಟೆಯನ್ನು ಕಿತ್ತಳು. “ಫೆಸ್‌ನ ಜುಹೈರ್ ಮಾಡಿದ್ದು. ಹೊಲಿಗೆಯೂ ಅವರದೇ. ಚಿತ್ರ ಮಾತ್ರ ನನ್ನದು.”

ನಿಯಮ ನಿಯಮವೇ. ಪ್ಯಾರಿಸ್ ಇನ್ನೊಬ್ಬ ಹುಡುಗಿಗೆ ಸಿಕ್ಕಿತು.

ಮಾರನೇ ದಿನ ಅವಳು ಅಂಗಡಿಯ ಮುಂದೆ ನಿಂತಾಗ ಲಲ್ಲಾ ಬತೂಲ್ ಒಳಗೆ ಬಾ ಎನ್ನಲಿಲ್ಲ. ಮಗನ ಕಡೆ ನೋಡಿದಳು, ಅವಳ ಕಡೆ ನೋಡಿದಳು, ದಾರದ ಉಂಡೆ ಎತ್ತಿಕೊಂಡು ಒಳಮನೆಗೆ ಹೋದಳು. ಜುಹೈರ್ ಹೊಲಿಯುತ್ತಲೇ ಇದ್ದ.

“ಬಟ್ಟೆ ಅಂಟಿಸಿದ್ದು ಅವರು,” ಎಂದಳು. “ಆದ್ರೆ ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡ್ಲಿಲ್ಲ. ನಾಚಿಕೆ ಅಲ್ಲ ಜುಹೈರ್... ಆಸೆ. ಪ್ಯಾರಿಸ್ ಆಸೆಗೆ ನಿಮ್ಮನ್ನ ಮುಚ್ಚಿಟ್ಟೆ.”

ಸೂಜಿ ನಿಂತಿತು. “ಪ್ರಶಸ್ತಿ?”

“ಇಲ್ಲ. ಎಲ್ಲರ ಮುಂದೆ ನಿಮ್ಮ ಹೆಸರು ಹೇಳ್ಬಿಟ್ಟೆ.”

ಅವನು ಈಗ ತಲೆಯೆತ್ತಿದ. ಅವಳ ಊದಿದ ಕಣ್ಣುಗಳನ್ನು ನೋಡಿದ. “ಅತ್ರಾ?”

“ಅತ್ತೆ. ರೈಲಲ್ಲಿ ಮೆಕ್ನೆಸ್ ಸ್ಟೇಷನ್ ಬರೋವರೆಗೂ. ಆಮೇಲೆ ಹಸಿವಾಯ್ತು, ನಿಮ್ಮಮ್ಮನ ಬಿಸ್ಕತ್ತು ಪೂರ್ತಿ ತಿಂದೆ.”

ಅವನಿಗೆ ನಗು ತಡೆಯಲಾಗಲಿಲ್ಲ. ನಗು ಬಂದಮೇಲೆ ಕಣ್ಣೂ ಒದ್ದೆಯಾಯಿತು. ಅದನ್ನು ತೋಳಿಗೆ ಒರೆಸಿಕೊಂಡ.

“ಮುಚ್ಚಿದ್ದು ನೋವಾಯ್ತು ನುಹೈಲಾ. ಇನ್ನೂ ಇದೆ. ಸುಳ್ಳು ಹೇಳಲ್ಲ.”

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಅದು ಹೋಗೋವರೆಗೂ ಇಲ್ಲೇ ಇರ್ತೀನಿ,” ಎಂದಳು.

“ನೋವು ಹೋದ್ಮೇಲೆ?”

“ಆಮೇಲೂ.”

ಜುಹೈರ್ ಸರಿದು ಕೂತು ಪಕ್ಕದ ಕುರಿತುಪ್ಪಟದ ಹಾಸಿನ ಮೇಲಿನ ಚರ್ಮದ ಚೂರುಗಳನ್ನು ಕೈಯಿಂದ ಗುಡಿಸಿದ. ಅವಳು ಬಂದು ಕೂತಳು. ಭುಜಕ್ಕೆ ಭುಜ ತಾಗಿತು, ಇಬ್ಬರೂ ಸರಿಯಲಿಲ್ಲ.

ನುಹೈಲಾ ಕಳೆದುಕೊಂಡದ್ದು ಪ್ಯಾರಿಸ್‌ನ ಒಂದು ವರ್ಷ. ಅವಳಿಗೆ ಸಿಕ್ಕಿದ್ದು ಜುಹೈರ್.