ಒಣಗಿದ ಕುಡಿಕೆ

"ಏ ಸೊಸೆ, ಕಾಲು ತೆಗಿ. ಖಾಲಿ ತೊಟ್ಟಿಲು ತೂಗಬಾರದು."

ಚಿನಾರಾ ರೊಟ್ಟಿಯ ಹಿಟ್ಟು ನಾದುತ್ತ ಕೂತಿದ್ದಳು. ಅವಳ ಬಲಗಾಲು ತನ್ನಷ್ಟಕ್ಕೆ ತೊಟ್ಟಿಲನ್ನು ಒತ್ತುತ್ತಿತ್ತು. ಬಾಗಿದ ಮರದ ಕಾಲುಗಳು ಹಲಗೆಯ ನೆಲಕ್ಕೆ ಬಡಿದು ಟಕ್, ಟಕ್ ಎನ್ನುತ್ತಿದ್ದವು. ಅವಳ ಏಳು ತಿಂಗಳ ಮಗಳು ಅಕ್‌ಮಾರಲ್ ಅಜ್ಜಿ ಬುರುಲಳ ತೊಡೆಯ ಮೇಲೆ ಕೂತು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು.

"ತೂಗಿದ್ರೆ ಏನಾಗತ್ತೆ ಅಪಾ?" ಎಂದಳು ಚಿನಾರಾ. ಅತ್ತೆಯನ್ನು ಅವಳು ಕರೆಯುತ್ತಿದ್ದುದು ಹಾಗೆ.

"ತೂಗಿದ್ರೆ ಅದು ಖಾಲಿ ಇರಲ್ಲ. ಯಾರೋ ಬಂದು ಮಲಗ್ತಾರೆ."

"ಬರ್ಲಿ ಬಿಡಿ. ಬಂದವರಿಗೂ ಒಂದು ಲಸಿಕೆ ಚುಚ್ಚಿ ಕಳಿಸ್ತೀನಿ."

ಬುರುಲ್ ನಗಲಿಲ್ಲ. "ನನ್ನ ಎರಡನೇ ಕೂಸು ಇದೇ ತೊಟ್ಟಿಲಲ್ಲಿ ಹೋಯ್ತು. ಇದ್ರ ಮುಂದೆ ತಮಾಷೆ ಬೇಡಮ್ಮ" ಎಂದಳು.

ಚಿನಾರಾ ಅಲ್ಲಿಗೆ ನಿಲ್ಲಿಸಬಹುದಿತ್ತು. ಬೇಕೆಂದೇ ಇನ್ನೆರಡು ಸಲ ತೂಗಿದಳು.

ಅವಳು ರಾಜಧಾನಿಯಲ್ಲಿ ನರ್ಸಿಂಗ್ ಓದಿ, ಮಕ್ಸಾತನನ್ನು ಮದುವೆಯಾಗಿ ಈ ಕಣಿವೆಗೆ ಬಂದು ಎರಡು ವರ್ಷವಾಗಿತ್ತು. ಊರಿನ ಒಂದೇ ಕೋಣೆಯ ದವಾಖಾನೆಗೆ ಅವಳೇ ಎಲ್ಲ. ಜ್ವರ ಬಂದ ಮಗುವನ್ನು ಮೊದಲು ಮಂತ್ರಗಾರ್ತಿ ಕಾಲಿಚಾ ಬುಬುವಿನ ಹತ್ತಿರ ಒಯ್ದು, ಅರ್ಚಾ ಗಿಡದ ಹೊಗೆ ಹಾಕಿಸಿ, ಮಂತ್ರ ಹಾಕಿಸಿ, ಎಲ್ಲ ಮುಗಿದ ಮೇಲೆ ತನ್ನ ಹತ್ತಿರ ತರುವ ತಾಯಂದಿರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಹೊಗೆ ಹಾಕೋದು ಸರೋವರದ ಮೀನಿಗೆ ಕಣ್ರೇ, ಮಗುವಿಗಲ್ಲ" ಎಂದು ಎಲ್ಲರೆದುರೇ ಅನ್ನುತ್ತಿದ್ದಳು. ಹೆಂಗಸರು ಮುಖ ಕೆಂಪಗೆ ಮಾಡಿಕೊಂಡು ತಲೆ ತಗ್ಗಿಸುತ್ತಿದ್ದರು.

ಹತ್ತು ದಿನ ಕಳೆದಿರಬೇಕು. ಮಕ್ಸಾತ್ ಕುರಿಗಳೊಂದಿಗೆ ಚಳಿಗಾಲದ ಬೀಡಿನಲ್ಲಿದ್ದ. ಹೊರಗೆ ಗಾಳಿಯಿಲ್ಲದೆ ಹಿಮ ಬೀಳುತ್ತಿತ್ತು. ಒಲೆಯಲ್ಲಿ ಬೆರಣಿ ಕೆಂಪಗಿತ್ತು. ಬೆಳಿಗ್ಗೆಯಿಂದ ಹಣೆ ಬಿಸಿಯಾಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಚಿನಾರಾ ಕಿಟಕಿಯ ಬಳಿ ನಿಂತಿದ್ದಳು.

ಬೆನ್ನ ಹಿಂದೆ ಟಕ್ ಎಂದಿತು.

ತಿರುಗಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಟ್ಟಿಲು ಮೆಲ್ಲಗೆ ಒಂದು ಬದಿಗೆ ವಾಲಿ, ಇನ್ನೊಂದು ಬದಿಗೆ ಮರಳಿತು. ಟಕ್. ಒಳಗೆ ಭಾರವಿದ್ದಾಗ ಬರುವ ಸದ್ದು ಅದು. ಖಾಲಿ ತೊಟ್ಟಿಲಿನ ಸದ್ದು ಹಗುರ; ತಾಯಿಯಾದವಳಿಗೆ ಅದು ಗೊತ್ತಿರುತ್ತದೆ. ಹುಳಿತ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಅವಳ ಹೆಗಲ ಮೇಲೆ ಅಕ್‌ಮಾರಲ್ ಚೀರತೊಡಗಿತು. ಅದು ಹಸಿವಿನ ಅಳುವಲ್ಲ. ಕಬ್ಬಿಣವನ್ನು ಕಲ್ಲಿಗೆ ಉಜ್ಜಿದಂಥ ಸಣ್ಣ, ಚೂಪು ಚೀರು.

ಜ್ವರದ ಔಷಧಿ ಕುಡಿಸಿದಳು. ಮಗು ಕಕ್ಕಿತು. ಮತ್ತೆ ಕುಡಿಸಿದಳು. ಸಂಜೆಯ ಹೊತ್ತಿಗೆ ಬುಬುವನ್ನು ಕರೆಸಿದ್ದು ಬುರುಲ್ ಅಲ್ಲ. ಚಿನಾರಾ ತಾನೇ ಹೋಗಿ ಕರೆತಂದಳು.

ಕಾಲಿಚಾ ಬುಬು ಕುರಿಚರ್ಮದ ಕೋಟನ್ನೂ ಬಿಚ್ಚದೆ ಒಲೆಯ ಮುಂದೆ ಕೂತಳು. ಸೌಟಿನಲ್ಲಿ ಸೀಸ ಕರಗಿಸಿದಳು. ಮಗುವಿನ ತಲೆಯ ಮೇಲೆ ನೀರಿನ ಬಟ್ಟಲು ಹಿಡಿಸಿ ಅದಕ್ಕೆ ಸುರಿದಳು. ಚುರ್ರೆಂದು ಆವಿ ಎದ್ದಿತು. ನೀರಿನ ತಳದಲ್ಲಿ ಸೀಸ ಮುದುಡಿ ಮಲಗಿತ್ತು, ಮೊಣಕಾಲು ಎದೆಗೊತ್ತಿಕೊಂಡವರ ಹಾಗೆ.

"ತೊಟ್ಟಿಲಿಗೆ ಕರೆದವರು ಯಾರು?"

ಬುರುಲ್ ಸೊಸೆಯನ್ನು ಬಿಟ್ಟುಕೊಡದೆ ನೆಲ ನೋಡಿದಳು.

"ನಾನು" ಎಂದಳು ಚಿನಾರಾ.

"ಓಹೋ, ಮೀನಿನ ಮಾತು ಆಡೋಳು" ಎಂದಳು ಬುಬು, ಸಿಟ್ಟಿಲ್ಲದೆ. "ಮಗುನ ತೊಟ್ಟಿಲಿಗೆ ಕಟ್ಟು. ಏಳು ಬಟ್ಟೆ ಹೊದಿಸು. ಮೂರು ಹೊತ್ತು ಮುಳುಗೋ ತನಕ ಅದರ ಮುಖ ನೋಡ್ಬೇಡ. ಬಂದಿರೋದು ತಾಯಿ ಮುಖಕ್ಕೇ ಕಾಯ್ತಾ ಇದೆ. ನೀನು ನೋಡಿದ್ರೆ ಅದೂ ನಿನ್ನ ನೋಡತ್ತೆ. ಆಮೇಲೆ ಬರಿಗೈಲಿ ಹೋಗಲ್ಲ."

"ಪಟ್ಟಣದ ಆಸ್ಪತ್ರೆಗೆ..."

"ಹೊಸಿಲು ದಾಟಿಸಿ ನೋಡು. ದಾರೀಲೇ ತಗೊಳ್ಳತ್ತೆ."

ಕೈಕಾಲು ನೇರ ಮಾಡಿ, ಪಟ್ಟಿ ಬಿಗಿದು, ಚಿನಾರಾ ಮಗಳನ್ನು ಕಟ್ಟಿದಳು. ಒಂದರ ಮೇಲೊಂದು ಏಳು ಬಟ್ಟೆ. ಹಾಲೂಡುವಾಗ ಅಂಚನ್ನು ಚೂರೇ ಸಡಿಲಿಸಿ, ಕಣ್ಣು ಮುಚ್ಚಿ, ಆ ಕತ್ತಲೆಯೊಳಕ್ಕೆ ಬಾಗುತ್ತಿದ್ದಳು. ಒಳಗೆ ಹೊಗೆಯ ಘಾಟು, ಬೆವರಿನ ಬಿಸಿ. ಮೊಲೆಗೆ ತಾಗುವ ತುಟಿಗಳು ಒಣಗಿ ಸಿಪ್ಪೆಯಂತಾಗಿದ್ದವು. ಅವು ಚೀಪುತ್ತಿರಲಿಲ್ಲ. ಚೀಪದಿರುವುದು ತನ್ನ ಮಗಳೋ, ಅದೋ ಎಂಬ ಯೋಚನೆ ಬಂದೊಡನೆ ಅವಳು ಹೊರಗೆಳೆದುಕೊಳ್ಳುತ್ತಿದ್ದಳು.

ತೊಟ್ಟಿಲ ತಳದ ತೂತಿನ ಕೆಳಗೆ ಒಂದು ಮಣ್ಣಿನ ಕುಡಿಕೆ ಇರುತ್ತದೆ. ಕಟ್ಟಿದ ಮಗುವಿನ ಉಚ್ಚೆ ಮರದ ಸಣ್ಣ ಕೊಳವೆಯಲ್ಲಿ ಇಳಿದು ಅದಕ್ಕೆ ಬೀಳುತ್ತದೆ. ಮಾರನೆಯ ಬೆಳಿಗ್ಗೆ ಚೆಲ್ಲಲೆಂದು ಎತ್ತಿದರೆ ಕುಡಿಕೆ ಒಣಗಿತ್ತು. ಮಧ್ಯಾಹ್ನವೂ ಒಣಗಿತ್ತು. "ಒಳಗಿನ ಬೆಂಕಿ ನೀರು ಕುಡೀತಿದೆ, ಒಳ್ಳೇದೇ" ಎಂದಳು ಬುಬು.

ಎಂಟು ಗಂಟೆ ಉಚ್ಚೆ ಹೊಯ್ಯದ ಮಗುವನ್ನು ಕೂಡಲೇ ಕರೆತನ್ನಿ. ದವಾಖಾನೆಯ ಗೋಡೆಗೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವಳು ಚಿನಾರಾ. ತನ್ನ ಅಕ್ಷರ ಅವಳ ಕಣ್ಣ ಮುಂದೆಯೇ ಇತ್ತು. ಅವಳು ಕುಡಿಕೆಯನ್ನು ಮತ್ತೆ ಅದರ ಜಾಗದಲ್ಲಿಟ್ಟಳು.

ಅದರ ಮಾರನೆಯ ದಿನ ಚೀರು ನಿಂತಿತು. "ನೋಡು, ಸಮಾಧಾನ ಆಯ್ತು" ಎಂದು ಬುಬು ಚಹಾ ಕುಡಿದು ಹೋದಳು. ಕಟ್ಟಿಹಾಕಿದ ಮಗು ಕೈಕಾಲು ಬಡಿಯುವುದಿಲ್ಲ. ಅದರ ಕತ್ತು ಸೆಟೆದಿದೆಯೋ ಇಲ್ಲವೋ ನೋಡಲು ಯಾರೂ ಮಗುವಿನ ತಲೆ ಎತ್ತುವುದಿಲ್ಲ. ಸುಮ್ಮನಿರುವ ತೊಟ್ಟಿಲನ್ನು ಮನೆಯೆಲ್ಲ ನೆಮ್ಮದಿ ಎಂದು ತಿಳಿಯುತ್ತದೆ.

ಹೊತ್ತು ಇಳಿಯುವಾಗ ಬುರುಲ್ ಕೊಟ್ಟಿಗೆಯಿಂದ ಹಾಲಿನ ಬಕೆಟ್ಟು ಹಿಡಿದು ಬಂದಳು. ಒಲೆಯ ಕಡೆ ಹೋಗುತ್ತಿದ್ದವಳು ನಿಂತಳು. ಬಗ್ಗಿ ಕುಡಿಕೆಯೊಳಗೆ ಬೆರಳಾಡಿಸಿದಳು.

"ಇದು ಯಾವಾಗಿಂದ ಹೀಗಿದೆ?"

"ನಿನ್ನೆ ಬೆಳಿಗ್ಗೆಯಿಂದ."

"ನಿನ್ನೆಯಿಂದಾನಾ! ಹೇಳ್ಬಾರ್ದಾ? ನರ್ಸು ಅಲ್ವೇನೇ ನೀನು?"

"ಅಪಾ, ಬೇಡ, ಮುಖ ನೋಡಿದ್ರೆ..."

"ನನ್ನ ಎರಡನೇದೂ ಹೀಗೇ ಸುಮ್ಮನಾಯ್ತು" ಎಂದಳು ಬುರುಲ್. "ನಾನೂ ಬಟ್ಟೆ ಎತ್ತಲಿಲ್ಲ."

ಏಳೂ ಬಟ್ಟೆಗಳನ್ನು ಒಂದೇ ಹಿಡಿತಕ್ಕೆ ಎಳೆದಳು. ಬಕೆಟ್ಟು ಉರುಳಿ ಹಾಲು ನೆಲದ ತುಂಬ ಹರಿಯಿತು. ತೊಟ್ಟಿಲಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್‌ಮಾರಲ್ ಮಾತ್ರ ಇತ್ತು. ಕಣ್ಣು ಅರೆ ತೆರೆದು, ಕತ್ತು ಹಿಂದಕ್ಕೆ ಬಿಲ್ಲಿನಂತೆ ಬಾಗಿ.

ಹಿಮದಲ್ಲಿ ಕಣಿವೆ ದಾಟಲು ಪಕ್ಕದ ಮನೆಯವರ ಜೀಪಿಗೆ ಮೂರು ಗಂಟೆ ಹಿಡಿಯಿತು. ಪಟ್ಟಣದ ಡಾಕ್ಟರು ಮಗುವನ್ನು ಇಸಿದುಕೊಳ್ಳುತ್ತಲೇ ಕೇಳಿದರು, "ಎಷ್ಟು ದಿನದಿಂದ?"

"ಇವತ್ತು ಬೆಳಿಗ್ಗೆಯಿಂದ."

"ಮನೇಲಿ ಓದಿದವರು ಯಾರೂ ಇಲ್ವೇನಮ್ಮ?"

"ಇಲ್ಲ" ಎಂದಳು ಚಿನಾರಾ.

ಮಗು ಉಳಿಯಿತು. ಕಿವಿ ಉಳಿಯಲಿಲ್ಲ. ತಿಂಗಳ ಮೇಲೆ ಮನೆಗೆ ಬಂದಾಗ, ಬೆನ್ನ ಹಿಂದೆ ತಾಮ್ರದ ತಟ್ಟೆ ಬಿದ್ದರೂ ಅದು ತಿರುಗಲಿಲ್ಲ.

ಊರಿನವರು ಕನಿಕರದಿಂದಲೇ ಮಾತಾಡಿಕೊಂಡರು. ಪಾಪ, ಸೊಸೆಗೆ ಗೊತ್ತಿರಲಿಲ್ಲ, ಖಾಲಿ ತೊಟ್ಟಿಲು ತೂಗಿದಳು. ಮೂರು ಹೊತ್ತು ಮುಳುಗುವ ಮೊದಲೇ ಬಟ್ಟೆ ಎತ್ತಿದರು, ಬಂದಿದ್ದು ಕಿವಿ ಕಿತ್ತುಕೊಂಡು ಹೋಯಿತು. ಬುರುಲ್ ಬಾಯಿ ಬಿಡಲಿಲ್ಲ. ಒಂದು ದಿನ ದವಾಖಾನೆಯಲ್ಲಿ ನಾಜಿಕ್ ಎಂಬ ಎಳೆ ಬಸುರಿ ಕೇಳಿಯೇಬಿಟ್ಟಳು: "ಜನ ಹೇಳೋದು ನಿಜಾನಾ ಅಕ್ಕಾ?" ಚಿನಾರಾ ಸಿರಿಂಜಿಗೆ ಔಷಧಿ ತುಂಬುತ್ತಿದ್ದಳು. "ಹೂಂ" ಎಂದಳು. ಶಾಪದೊಳಗೆ ಬೆಚ್ಚಗೆ ಅಡಗಿಕೊಳ್ಳಬಹುದಿತ್ತು. ಆ ಕತೆಯಲ್ಲಿ ಕುಡಿಕೆ ಇರಲಿಲ್ಲ.

ಮುಂದಿನ ಚಳಿಗಾಲ. ನೀರಿನ ಕೊಳಾಯಿಯ ಬಳಿ, ಈಗ ಕೈಗೂಸಿನ ತಾಯಿಯಾದ ನಾಜಿಕ್ ಎರಡು ದಿನದಿಂದ ಕಂಡಿಲ್ಲ ಎಂದು ಯಾರೋ ಅಂದರು. ಚಿನಾರಾ ಕೊಡ ಅಲ್ಲೇ ಬಿಟ್ಟಳು. ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಓಣಿಯ ತಿರುವಿಗೇ ಅರ್ಚಾ ಹೊಗೆಯ ವಾಸನೆ ಬಂತು. ಓಡಿದಳು.

ಕೋಣೆ ಮಬ್ಬು. ಕಿಟಕಿಗೆ ಕಂಬಳಿ. ನಾಜಿಕ್ ತೊಟ್ಟಿಲ ಹಿಡಿ ಹಿಡಿದು ಕೂತಿದ್ದಳು. ಟಕ್. ಟಕ್.

"ಶ್! ಮೆಲ್ಲಗೆ ಅಕ್ಕಾ. ಈಗ ಮಲಗಿದಾನೆ ನನ್ನ ತಿಲೆಕ್. ಬೆಳಿಗ್ಗೆಯಿಂದ ಅಳಲೇ ಇಲ್ಲ."

"ಬಟ್ಟೆ ತೆಗಿ ನಾಜಿಕ್."

"ಅಯ್ಯೋ, ನೀವೇ ಹೀಗಂತೀರಾ? ಇನ್ನೊಂದು ಗಳಿಗೆ ಅಷ್ಟೇ, ಮೂರನೇ ಹೊತ್ತು ಮುಳುಗತ್ತೆ. ನಿಮ್ಮ ಮಗಳಿಗಾದ ಹಾಗೆ ಆಗ್ಬಾರ್ದು ಅಂತ ನಾನು ಅಂಚೂ ಎತ್ತಿಲ್ಲ ಅಕ್ಕಾ."

ಚಿನಾರಾ ಮಗಳನ್ನು ನೆಲಕ್ಕಿಳಿಸಿದಳು. ತೊಟ್ಟಿಲ ಕೆಳಗೆ ಕೈ ಹಾಕಿದಳು. ಕುಡಿಕೆ ಸಿಕ್ಕಿತು. ಒಳಗೆ ಬೆರಳಿಟ್ಟಳು. ಒಣಗಿತ್ತು.

ಒಂದು ಬಟ್ಟೆ. ಎರಡು. "ಅಕ್ಕಾ, ಬೇಡ!" ಮೂರು. ನಾಜಿಕ್ ಅವಳ ಮಣಿಕಟ್ಟು ಹಿಡಿದಳು. ಉಗುರು ನಾಟಿತು. ನಾಲ್ಕು. ಐದು. ಬಿಸಿ ಬರಬೇಕಿತ್ತು. ಬರಲಿಲ್ಲ. ಆರು. ಹುಳಿತ ಹಾಲಿನ ವಾಸನೆ. ಏಳು.

ಪಟ್ಟಿ ಬಿಚ್ಚಿದಳು. ಎತ್ತಿಕೊಂಡಳು. ತಲೆ ಬಾಗಲಿಲ್ಲ, ಜೋಲಲಿಲ್ಲ. ಕಟ್ಟಿದ ಹಾಗೆಯೇ ನೆಟ್ಟಗಿತ್ತು.

ನಾಜಿಕ್ ಒಂದು ಕೈ ಚಾಚಿ ಮಗನ ಕೆನ್ನೆ ಮುಟ್ಟಿದಳು. ಅವಳ ಮುಖ ಅರಳಿತು. "ತಣ್ಣಗಿದಾನೆ. ಜ್ವರ ಬಿಟ್ಟಿದೆ, ಅಲ್ವಾ ಅಕ್ಕಾ?"

ಚಿನಾರಾ ಅವಳ ಮುಂದೆ ಮಂಡಿಯೂರಿದಳು.

"ನಾಜಿಕ್... ನಮ್ಮನೇಲಿ ಬಟ್ಟೆ ಬೇಗ ಎತ್ತಿದ್ದಲ್ಲ. ತಡವಾಗಿ ಎತ್ತಿದ್ದು. ಎತ್ತಿದ್ದೂ ನಾನಲ್ಲ, ಅಪಾ. ಕುಡಿಕೆ ಒಣಗಿದ್ದು ನಾನು ನೋಡಿದ್ದೆ. ನೋಡಿ ಸುಮ್ಮನೆ ಕೂತಿದ್ದೆ. ನಿನ್ಹತ್ರ ಸುಳ್ಳು ಹೇಳ್ದೆ."

ನಾಜಿಕಳಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಮಗನ ಮುಖವನ್ನೇ ನೋಡುತ್ತಿದ್ದಳು. ಅವಳ ಇನ್ನೊಂದು ಕೈ ಮಾತ್ರ ಅಭ್ಯಾಸಬಲದಿಂದ ತೊಟ್ಟಿಲನ್ನು ತೂಗುತ್ತಲೇ ಇತ್ತು. ಟಕ್. ಟಕ್. ಖಾಲಿ ತೊಟ್ಟಿಲನ್ನು ತೂಗಬೇಡ ಎನ್ನಲು ಚಿನಾರಾಳಿಗೆ ಬಾಯಿ ಬರಲಿಲ್ಲ.

ಒಲೆಯ ಬಳಿ ಅಕ್‌ಮಾರಲ್ ಹಲಗೆಯ ನೆಲಕ್ಕೆ ಅಂಗೈ ಒತ್ತಿ ಕೂತಿತ್ತು. ಕಿವಿಗೆ ಕೇಳದ ಸದ್ದು ಅಂಗೈಗೆ ತಾಗುತ್ತಿತ್ತು. ಅದು ತಾಯಿಯ ಕಡೆ ನೋಡಿ ನಕ್ಕಿತು. ಆಮೇಲೆ ತಾನೂ ನೆಲವನ್ನು ಬಡಿಯತೊಡಗಿತು, ತೊಟ್ಟಿಲಿಗೆ ಸರಿಯಾಗಿ, ಒಂದೂ ತಪ್ಪದೆ.