ಸ್ಪ್ಯಾನಿಶ್‌ನಲ್ಲಿ ಬ್ಯಾಡ

"ನೊ ಆಬ್ಲೆಸ್. ಆಬ್ಲಾಸ್ ಅಲ್ಲ. ಎಷ್ಟ್ ಸಲ ಹೇಳ್ಲಿ ನಿನಗ? ತಲ್ಯಾಗ ಏನ್ ಹೊಟ್ಟು ತುಂಬೇತೇನು?"

ನೇತ್ರಾ ಅಪ್ಪನ ಮೊಬೈಲನ್ನು ಚಾಪೆಯ ಮೇಲೆ ಕುಕ್ಕಿದಳು.

"ಹಂಗ ಒದರಿದ್ರ ಬರೂದೂ ಬರಾಂಗಿಲ್ಲ," ಎಂದಳು ನೀಲಾ. ಅವಳ ಕಣ್ಣು ಆಗಲೇ ಕೆಂಪಾಗಿತ್ತು.

ಮರುದಿನ ಅಕ್ಕಿಆಲೂರಿನ ಅವರ ಶಾಲೆಯಲ್ಲಿ ಭಾಷಾ ಮೇಳ. ಐದನೇ ಕ್ಲಾಸಿನ ಈ ಇಬ್ಬರು ಗೆಳತಿಯರಿಗೆ ಶಿವಯೋಗಿ ಸರ್ ಸ್ಪ್ಯಾನಿಶ್ ಕೊಟ್ಟಿದ್ದರು. ಸ್ಟೇಜಿನ ಮೇಲೆ ಒಬ್ಬಳು ಟೀಚರ್, ಒಬ್ಬಳು ತುಂಟ ಹುಡುಗಿ. ಮಾತಾಡಬೇಡ, ತಿನ್ನಬೇಡ ಎಂದು ಒಬ್ಬರನ್ನೊಬ್ಬರು ಗದರಿ ಜನರನ್ನು ನಗಿಸಬೇಕು.

ನೇತ್ರಾ ಅಪ್ಪನ ಮೊಬೈಲಿನಲ್ಲಿ ನೋಡಿದ್ದ ಪಾಠದ ವಿಡಿಯೊದಲ್ಲಿ ಅದು ಸುಲಭವಿತ್ತು. ಆಬ್ಲಾರ್ ಅಂದರೆ ಮಾತಾಡುವುದು. ಕೊನೆಯ 'ಆರ್' ಕಿತ್ತು 'ಎಸ್' ಹಚ್ಚಿ, ಮುಂದೆ 'ನೊ' ಇಟ್ಟರೆ ಮಾತಾಡಬೇಡ ಅಂತಾಯಿತು. ತಿನ್ನುವುದು ಎಂಬ ಕೋಮೆರ್‌ನಂತೆ ಕೊನೆಗೆ 'ಎರ್', ಇಲ್ಲವೆ 'ಇರ್' ಇದ್ದರೆ ಮಾತ್ರ 'ಆಸ್'. ನೀಲಾ ಪ್ರತಿ ಸಲ ಅದಲುಬದಲು ಮಾಡುತ್ತಿದ್ದಳು. ಅವಳ ಮನೆಯಲ್ಲಿದ್ದದ್ದು ಬಟನ್ ಫೋನು. ಅದರಲ್ಲಿ ವಿಡಿಯೊ ಬರುತ್ತಿರಲಿಲ್ಲ.

"ತಿನ್ನಬ್ಯಾಡ ಅನ್ನು."

"ನೊ... ಕೋಮೆಸ್."

"ಕೋಮಾಸ್." ನೇತ್ರಾಳ ಸಿಟ್ಟು ನೆತ್ತಿಗೇರಿತು. "ಬಟನ್ ಫೋನಿನ ಮಂದಿಗೆ ಇದೆಲ್ಲ ಎಲ್ಲಿ ತಿಳೀಬೇಕು? ನಾ ಶ್ವೇತಾನ್ನ ಕರ್ಕೋತೇನಿ. ನಾಳೆ ನೀ ಸ್ಟೇಜ್ ಹತ್ತಬ್ಯಾಡ."

ನೀಲಾ ಎದ್ದು, ಲಂಗ ಜಾಡಿಸಿ, ಹೊಸ್ತಿಲು ದಾಟಿದಳು.

ಅಂದದ್ದು ಹೆಚ್ಚಾಯಿತೆಂದು ನೇತ್ರಾಳಿಗೆ ಆಗಲೇ ಅನಿಸಿತು. ಬಾ ಎನ್ನಲು ಬಾಯಿ ಬರಲಿಲ್ಲ. ಆದರೆ ಒಂದು ದಾರಿ ಇತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು, ಕರೆದರೆ ಕೆಡುಕು. ಕರೆಸಿಕೊಂಡವರು ಮರಳಿ ಬಂದು, ತುಸು ಕುಂತು, ನೀರು ಕುಡಿದೇ ಹೋಗಬೇಕು. ನೀಲಾ ಇದನ್ನು ಎಂದೂ ತಪ್ಪಿಸಿದವಳಲ್ಲ. ಶಾಲೆಗೆ ತಡವಾದರೂ ಬಂದು ಒಂದು ಗುಟುಕು ಕುಡಿದೇ ಓಡುತ್ತಿದ್ದಳು.

"ನೀಲಾ," ಎಂದು ನೇತ್ರಾ ಬೇಕಂತಲೇ ಕೂಗಿದಳು. ಒಳಗೋಡಿ ತಂಬಿಗೆ ತುಂಬಿ ತಂದಳು.

ಓಣಿಯ ತುದಿಗೆ, ರೈಸ್ ಮಿಲ್ಲಿನ ಮೂಲೆಯಲ್ಲಿ ನೀಲಾ ನಿಂತಿದ್ದಳು. ಕೂಗು ಕೇಳಿಸಿತ್ತು. ಆದರೆ ಅವಳು ತಿರುಗಲಿಲ್ಲ. ಮೂಲೆ ದಾಟಿ ಹೋಗಿಬಿಟ್ಟಳು.

"ನೀರು ಯಾರಿಗವಾ?" ಹಿತ್ತಲಿನಿಂದ ಬಂದ ಅಜ್ಜಿ ಫಕ್ಕೀರವ್ವ ಕೇಳಿದಳು.

ನೇತ್ರಾ ತಂಬಿಗೆ ಹಿಡಿದುಕೊಂಡೇ ಮಿಲ್ಲಿನ ಮೂಲೆಯತ್ತ ನೋಡಿದಳು. ದಾರಿಯಲ್ಲಿ ಏನು ಕೆಡುಕಾದರೂ ಆಗಲಿ, ಈ ಮನೆಯ ನೀರು ಬೇಡ ಎಂದು ನೀಲಾ ಹೋಗಿದ್ದಳು.