ಒಳಗಿನ ಬೆಸುಗೆ

ದೆವ್ವಕ್ಕಿಂತ ನನಗೆ ಪಕ್ಕದ ಮನೆ ನಾರಿಸ್ ಮೇಲೇ ಅನುಮಾನ ಜಾಸ್ತಿ. ನಮ್ಮ ಗ್ಯಾರೇಜಿನ ಇನ್ನೊಂದು ಕೀಲಿ ಅವನ ಹತ್ತಿರ ಇತ್ತು.

ನಮ್ಮ ಡಡ್ಲಿ ಊರಿನ ಜನವರಿ, ತಗಡು ಮುಟ್ಟಿದರೆ ಕೈ ಕೊರೆಯುವ ಚಳಿ. ಶನಿವಾರ ನನ್ನ ಹಳೇ ಮಿನಿ ಕಾರಿನ ಎಡಬಾಗಿಲ ಕೆಳಗಿನ ಉದ್ದನೆಯ ತಗಡಿನ ಪೆಟ್ಟಿಗೆಯಲ್ಲಿ ತುಕ್ಕು ತಿಂದದ್ದನ್ನು ಅಂಗೈಯಗಲ ಕತ್ತರಿಸಿ ತೆಗೆದೆ. ಭಾನುವಾರ ಬೆಳಿಗ್ಗೆ ನೋಡಿದರೆ ಆ ತೂತಿಗೆ ಹೊಸ ತಗಡು ಕೂತಿತ್ತು. ಗ್ಯಾರೇಜಿನ ತುಂಬ ಕಾದ ಕಬ್ಬಿಣದ ವಾಸನೆ.

“ಉಪಕಾರ ಮಾಡೋನು ಹೇಳಿ ಮಾಡ್ಬೇಕಪ್ಪ,” ಅಂದೆ ನಾರಿಸ್‌ಗೆ.

“ಟೀ ಕಪ್ಪು ಹಿಡಿದ್ರೇ ಕೈ ನಡುಗ್ತದೆ, ನಾನು ಬೆಸುಗೆ ಹಾಕ್ತೀನಾ? ತಲೆ ಕೆಟ್ಟಿದ್ಯಾ ನಿಂಗೆ?” ಅಂತ ಕೀಲಿ ಎಸೆದ. ಆದರೂ ಬಂದು ತಗಡಿನ ಮೇಲೆ ಬೆರಳಾಡಿಸಿದ. “ಹೊರಗಡೆ ಬೆಸುಗೆ ಗುರುತೇ ಇಲ್ವಲ್ಲೋ!”

ಆ ಹೊಸ ತಗಡನ್ನು ಕತ್ತರಿಸಿ ತೆಗೆದು ತಿರುಗಿಸಿದೆ. ಬೆಸುಗೆಯೆಲ್ಲ ಒಳಮುಖದಲ್ಲಿತ್ತು. ಎರಡೂ ತುದಿ ಮುಚ್ಚಿದ ಆ ಪೆಟ್ಟಿಗೆಯೊಳಗೆ ಬೆಕ್ಕಿನಮರಿಯೂ ಹಿಡಿಸದು.

ನಾರಿಸ್ ಆಮೇಲೆ ಬಂದಿಲ್ಲ. ಎರಡು ಕೀಲಿಯೂ ನನ್ನ ಜೇಬಲ್ಲೇ ಇವೆ. ಈ ಮಧ್ಯಾಹ್ನ, ನಾನಿನ್ನೂ ಮುಟ್ಟದ ಬಲಬಾಗಿಲ ಕೆಳಗೆ ಬಣ್ಣ ಗುಳ್ಳೆಯೆದ್ದಿತ್ತು. ತುಕ್ಕು ಹಿಡಿದರೂ ಹಾಗೇ ಏಳುತ್ತದೆ ಅಂತ ಬೆರಳಿಟ್ಟೆ.

ಬೆರಳು ಇನ್ನೂ ಉರಿಯುತ್ತಿದೆ.